ಮೊಸರು ಕುಡಿಕೆ ಪಿರಮಿಡ್: ತುದಿಗೆ ಹತ್ತುವ ಮಗುವಿಗೆ ಎಷ್ಟು ವಯಸ್ಸಾಗಿರಬೇಕು, ಕೆಳಗೆ ಏನಿರಬೇಕು?

ಅಷ್ಟಮಿ ಹತ್ತಿರ ಬಂತೆಂದರೆ ಕರಾವಳಿಯ ಪೇಟೆಗಳಲ್ಲಿ ರಸೀದಿ ಪುಸ್ತಕ ಹಿಡಿದ ಹುಡುಗರು ಅಂಗಡಿ ಅಂಗಡಿ ಸುತ್ತುತ್ತಾರೆ. "ಅಣ್ಣಾ, ಕುಡಿಕೆಗೆ ಎಷ್ಟು ಬರೆಯಲಿ?" ಅಂತ ಕೇಳ್ತಾರೆ. ಅಂಗಡಿಯವರು ಐನೂರೋ ಸಾವಿರವೋ ಬರೆಸುತ್ತಾರೆ. ಆ ದುಡ್ಡಿನಲ್ಲಿ ಧ್ವನಿವರ್ಧಕ, ಹಗ್ಗ, ಮಡಿಕೆ, ಕೊನೆಗೆ ಗೆದ್ದವರಿಗೆ ನಗದು ಬಹುಮಾನ. ಪಿರಮಿಡ್ ತುದಿಗೆ ಹತ್ತಿ ಮಡಿಕೆ ಒಡೆಯುವ ಪುಟ್ಟ ಹುಡುಗನಿಗೆ ಚಪ್ಪಾಳೆ.

ಆ ಹುಡುಗನ ವಯಸ್ಸೆಷ್ಟು? ಅವನು ಜಾರಿದರೆ ಬೀಳುವುದು ಯಾವುದರ ಮೇಲೆ? ಈ ಎರಡು ಪ್ರಶ್ನೆಗಳ ಸುತ್ತ ಪಕ್ಕದ ಮಹಾರಾಷ್ಟ್ರದಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಜಗಳ ನಡೆದಿದೆ. ಹೈಕೋರ್ಟ್, ಸುಪ್ರೀಂ ಕೋರ್ಟ್, ವಿಧಾನಸಭೆ ಎಲ್ಲವನ್ನೂ ಸುತ್ತಿ ಬಂದರೂ ಮುಗಿದಿಲ್ಲ. ಅಲ್ಲಿ ದಹಿ ಹಂಡಿ ಎನ್ನುವುದನ್ನೇ ಬೆಳಗಾವಿ ಕಡೆ ಅದೇ ಹೆಸರಿನಿಂದ, ದಕ್ಷಿಣ ಕನ್ನಡದಲ್ಲಿ ಮೊಸರು ಕುಡಿಕೆ ಎಂದು ಆಡುತ್ತಾರೆ. ಹಾಗಾಗಿ ಅಲ್ಲಿ ಏನಾಯ್ತು ಎಂಬುದು ಇಲ್ಲಿಯವರಿಗೂ ಬೇಕಾದ ವಿಷಯ.

2025ರಲ್ಲಿ ಆದದ್ದು

2025ರ ಆಗಸ್ಟ್ 16ರಂದು ಠಾಣೆಯಲ್ಲಿ ಜೋಗೇಶ್ವರಿಯ ಕೊಂಕಣ ನಗರ ಗೋವಿಂದಾ ಪಥಕ 10 ಥರದ ಪಿರಮಿಡ್ ಕಟ್ಟಿತು. ಥರ ಅಂದರೆ ಅಂತಸ್ತು, ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ನಿಲ್ಲುವ ಸಾಲು. ಅಲ್ಲಿಯವರೆಗೆ ಒಂಬತ್ತೇ ದೊಡ್ಡ ಸಾಧನೆಯಾಗಿತ್ತು. ಜೈ ಜವಾನ್ ಎಂಬ ಇನ್ನೊಂದು ತಂಡ 2012ರಲ್ಲಿ ಒಂಬತ್ತು ಥರ ಕಟ್ಟಿ 43.79 ಅಡಿ ಎತ್ತರಕ್ಕೆ ಹೋಗಿ ಗಿನ್ನೆಸ್ ದಾಖಲೆ ಮಾಡಿತ್ತು. ಹತ್ತನೇ ಥರದ ಸುದ್ದಿ ಟಿವಿ, ಮೊಬೈಲ್ ಎಲ್ಲ ಕಡೆ ಓಡಿತು.

ಅದಕ್ಕೆ ಕೆಲವೇ ದಿನ ಮೊದಲು ಮುಂಬೈನ ದಹಿಸರ್‌ನಲ್ಲಿ 11 ವರ್ಷದ ಬಾಲಕನೊಬ್ಬ ಸತ್ತಿದ್ದ. ಹಬ್ಬದ ದಿನ ಅಲ್ಲ, ಸ್ಪರ್ಧೆಯಲ್ಲೂ ಅಲ್ಲ. ಅಭ್ಯಾಸದ ವೇಳೆ ಮೇಲಿನ ಥರದಿಂದ ಬಿದ್ದದ್ದು. ತಂಡದ ಮುಖ್ಯಸ್ಥನ ಮೇಲೆ ಪೊಲೀಸರು ಕೇಸ್ ಹಾಕಿದರು. ಹಬ್ಬದ ದಿನ ಮಾನಖುರ್ದ್‌ನಲ್ಲಿ ಇನ್ನೊಬ್ಬ ಯುವಕ ತೀರಿಕೊಂಡ. ಅವನು ಪಿರಮಿಡ್ ಹತ್ತಿದವನಲ್ಲ, ಮಡಿಕೆಯ ಹಗ್ಗ ಕಟ್ಟಲು ಹೋಗಿದ್ದವನು. ಆ ಒಂದು ಹಬ್ಬದಲ್ಲಿ ಮುಂಬೈ ಆಸ್ಪತ್ರೆಗಳಿಗೆ ಬಂದ ಗಾಯಾಳುಗಳು 300ಕ್ಕೂ ಹೆಚ್ಚು.

ಮಹಾರಾಷ್ಟ್ರದಲ್ಲಿ 14 ವರ್ಷದೊಳಗಿನ ಮಕ್ಕಳನ್ನು ಪಿರಮಿಡ್‌ಗೆ ಹತ್ತಿಸಬಾರದು ಎಂಬ ನಿಯಮ 2017ರಿಂದ ಇದೆ. ಆದರೂ 11ರ ಹುಡುಗ ಮೇಲೆ ಹೇಗೆ ಹತ್ತಿದ? ಆ ನಿಯಮ ಹುಟ್ಟಿದ ಕಥೆ ನೋಡಿದರೆ ಉತ್ತರದ ಅರ್ಧ ಸಿಗುತ್ತದೆ.

18, 12, ಮತ್ತೆ 18, ಈಗ 14

ಮುಂಬೈಯ ಒಬ್ಬ ಸಾಮಾಜಿಕ ಕಾರ್ಯಕರ್ತೆಯ ಅರ್ಜಿಯ ಮೇಲೆ 2014ರ ಆಗಸ್ಟ್ 11ರಂದು ಬಾಂಬೆ ಹೈಕೋರ್ಟ್ ಆದೇಶ ಕೊಟ್ಟಿತು. 18 ವರ್ಷದೊಳಗಿನವರು ಭಾಗವಹಿಸುವಂತಿಲ್ಲ, ಪಿರಮಿಡ್ 20 ಅಡಿ ಮೀರುವಂತಿಲ್ಲ. 20 ಅಡಿ ಅಂದರೆ ಅಂದಾಜು ನಾಲ್ಕು ಥರ ಅಷ್ಟೇ. ಹೆಲ್ಮೆಟ್, ಬೆಲ್ಟ್, ನೆಲದ ಮೇಲೆ ಮೆತ್ತೆಯ ವಿಚಾರವೂ ಆ ಆದೇಶದಲ್ಲಿತ್ತು.

ಮೂರೇ ದಿನ. ಹಬ್ಬ ಬಾಗಿಲಲ್ಲೇ ಇತ್ತು. ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಆ ವರ್ಷಕ್ಕೆ 12 ವರ್ಷದೊಳಗಿನವರು ಬೇಡ ಎಂಬಷ್ಟೇ ಉಳಿಯಿತು. ಮರುವರ್ಷ ರಾಜ್ಯ ಸರ್ಕಾರ ದಹಿ ಹಂಡಿಯನ್ನು ಸಾಹಸ ಕ್ರೀಡೆ ಎಂದು ಘೋಷಿಸಿತು. 2016ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೇ ಮತ್ತೆ 18 ವರ್ಷ, 20 ಅಡಿ ಎಂದಿತು. ಕೆಲವು ಆಯೋಜಕರು ಕೋರ್ಟ್ ಹೇಳಿದರೂ ಸರಿ ಎಂದು ಬೇಕೆಂದೇ ಎತ್ತರಕ್ಕೆ ಮಡಿಕೆ ಕಟ್ಟಿ ಕೇಸ್ ಹಾಕಿಸಿಕೊಂಡರು. 2017ರಲ್ಲಿ ವಿಷಯ ಹೈಕೋರ್ಟ್‌ಗೆ ವಾಪಸ್ ಬಂತು. ಆಗಸ್ಟ್ 7ರಂದು ಹೈಕೋರ್ಟ್, ಎತ್ತರ ಎಷ್ಟಿರಬೇಕು ಎಂದು ನಿಗದಿ ಮಾಡುವುದು ಕೋರ್ಟಿನ ಕೆಲಸ ಅಲ್ಲ ಎಂದಿತು. 14 ವರ್ಷದೊಳಗಿನವರನ್ನು ಹತ್ತಿಸುವುದಿಲ್ಲ, ಸುರಕ್ಷತೆ ನೋಡಿಕೊಳ್ಳುತ್ತೇವೆ ಎಂಬ ಸರ್ಕಾರದ ಮಾತನ್ನು ದಾಖಲಿಸಿಕೊಂಡಿತು. ಇವತ್ತಿಗೂ ಅಲ್ಲಿ ನಡೆಯುತ್ತಿರುವುದು ಅದೇ. ಎತ್ತರಕ್ಕೆ ಮಿತಿ ಇಲ್ಲ, ವಯಸ್ಸಿಗೆ 14ರ ಮಿತಿ ಇದೆ.

ನಾಲ್ಕು ವರ್ಷದಲ್ಲಿ ಮೂರು ಬಾರಿ ಸಂಖ್ಯೆ ಬದಲಾಯಿತು. ಪ್ರತಿ ಸಲವೂ ತೀರ್ಪು ಬಂದದ್ದು ಆಗಸ್ಟ್‌ನಲ್ಲಿ. ತಂಡಗಳ ಅಭ್ಯಾಸ ಶುರುವಾಗುವುದು ಗುರುಪೂರ್ಣಿಮೆಯ ಹೊತ್ತಿಗೆ, ಕೆಲವು ಕಡೆ ಅದಕ್ಕೂ ಮೊದಲು. ಅಂದರೆ ಪ್ರತಿ ವರ್ಷ ನಿಯಮ ಬರುವಾಗ ಹುಡುಗರು ವಾರಗಟ್ಟಲೆ ಹತ್ತಿ ಇಳಿದು ಆಗಿರುತ್ತಿತ್ತು. ಪೊಲೀಸರು ನೋಡುವುದು ಹಬ್ಬದ ದಿನದ ಮೈದಾನ. ರಾತ್ರಿ ಹತ್ತು ಗಂಟೆಗೆ ಚಾಳಿನ ಅಂಗಳದಲ್ಲಿ ನಡೆಯುವ ಅಭ್ಯಾಸಕ್ಕೆ ಯಾರೂ ಬರುವುದಿಲ್ಲ. ದಹಿಸರ್‌ನ ಹುಡುಗ ಬಿದ್ದದ್ದು ಇಂಥ ಅಭ್ಯಾಸದಲ್ಲೇ.

ಮಕ್ಕಳೇ ಯಾಕೆ ಬೇಕು?

ಇದು ಭಕ್ತಿಯ ಪ್ರಶ್ನೆ ಅಲ್ಲ, ತೂಕದ ಪ್ರಶ್ನೆ. ತುದಿಯಲ್ಲಿ 60 ಕೆ.ಜಿ.ಯ ಯುವಕ ನಿಂತರೆ ಆ ಭಾರ ಕೆಳಗಿನ ಪ್ರತಿ ಥರಕ್ಕೂ ಇಳಿಯುತ್ತದೆ. 25 ಕೆ.ಜಿ.ಯ ಹುಡುಗನಾದರೆ ಕೆಳಗಿನವರು ಇನ್ನೊಂದು ನಿಮಿಷ ಜಾಸ್ತಿ ತಡೆಯುತ್ತಾರೆ. ವಯಸ್ಸಿನ ಮಿತಿ ವಿರೋಧಿಸುವ ತಂಡಗಳು ಹೇಳುವುದೂ ಇದನ್ನೇ. ದೊಡ್ಡವರನ್ನು ತುದಿಗೆ ಹತ್ತಿಸಿದರೆ ಇಡೀ ಪಿರಮಿಡ್ ಕುಸಿಯುತ್ತದೆ, ಆಗ ಗಾಯವಾಗುವವರು ಹತ್ತಾರು ಜನ ಎನ್ನುತ್ತಾರೆ. ಮಾತಿನಲ್ಲಿ ಸತ್ಯ ಇದೆ. ಆದರೆ ಆ ಮಾತು ಇನ್ನೊಂದನ್ನೂ ಒಪ್ಪಿಕೊಂಡ ಹಾಗಾಯ್ತು: ಮಗು ಇಲ್ಲದೆ ಕಟ್ಟಲಾಗದ ಎತ್ತರ ಅಂದರೆ, ದೊಡ್ಡವರಿಂದ ಆಗದ ಎತ್ತರ.

ಬೀಳುವಾಗಿನ ಲೆಕ್ಕ ಇನ್ನೂ ಸರಳ. 20 ಅಡಿಯಿಂದ ಬಿದ್ದ ದೇಹ ನೆಲ ಮುಟ್ಟುವಾಗ ಗಂಟೆಗೆ ಸುಮಾರು 39 ಕಿ.ಮೀ. ವೇಗದಲ್ಲಿರುತ್ತದೆ. 40 ಅಡಿಯಿಂದಾದರೆ 56 ಕಿ.ಮೀ. ಹೆಲ್ಮೆಟ್ ಇಲ್ಲದೆ ಬೈಕಿನಿಂದ ಹೋಗಿ ಗೋಡೆಗೆ ಗುದ್ದಿದ ಹಾಗೆ. ಕೆಳಗೆ ನಿಂತವರ ಗುಂಪು ಬೀಳುವವನನ್ನು ಎಷ್ಟೋ ಸಲ ಹಿಡಿದು ಉಳಿಸುತ್ತದೆ, ನಿಜ. ಗುಂಪಿನಾಚೆ ಬಿದ್ದರೆ ಕಾಂಕ್ರೀಟ್.

ಇದರ ಮೇಲೆ ದುಡ್ಡು. ದೊಡ್ಡ ಆಯೋಜಕರು ಥರ ಎಣಿಸಿ ಬಹುಮಾನ ಕೊಡುತ್ತಾರೆ. ಇಷ್ಟು ಥರಕ್ಕೆ ಇಷ್ಟು, ಇನ್ನೊಂದು ಥರ ಹಚ್ಚಿದರೆ ಅಷ್ಟು. ಮಡಿಕೆ ಒಡೆಯಲೇಬೇಕು ಅಂತಿಲ್ಲ, ಥರ ಹಚ್ಚಿ ಸಲಾಮಿ ಕೊಟ್ಟರೂ ನಗದು. ಹೀಗಾಗಿ ಒಂದೇ ತಂಡ ಲಾರಿಯಲ್ಲಿ ಬೆಳಗಿನಿಂದ ರಾತ್ರಿವರೆಗೆ ಪೆಂಡಾಲ್‌ನಿಂದ ಪೆಂಡಾಲ್‌ಗೆ ಓಡುತ್ತದೆ. ಸಂಜೆ ಹೊತ್ತಿಗೆ ಕಾಲು ನಡುಗುವವರೇ ಮತ್ತೆ ಹೆಗಲು ಕೊಡಬೇಕು. ಮೇಲಿಂದ ನೀರು ಬೇರೆ ಎರಚುತ್ತಾರೆ.

ಅಮೆರಿಕದಲ್ಲೂ ಇದೇ ಜಗಳ

ಮನುಷ್ಯರ ಮೇಲೆ ಮನುಷ್ಯರನ್ನು ನಿಲ್ಲಿಸುವ ಇನ್ನೊಂದು ಸ್ಪರ್ಧೆ ಅಮೆರಿಕದ ಚಿಯರ್‌ಲೀಡಿಂಗ್. ನಮ್ಮಲ್ಲಿ ಆ ಪದ ಕೇಳಿದರೆ 2008ರ ಮೊದಲ ಐಪಿಎಲ್ ನೆನಪಾಗುತ್ತದೆ. ಬೆಂಗಳೂರು ತಂಡ ವಾಷಿಂಗ್ಟನ್‌ನಿಂದ ಚಿಯರ್‌ಲೀಡರ್‌ಗಳನ್ನು ಕರೆಸಿತ್ತು. ಅದು ಬೌಂಡರಿ ಪಕ್ಕದ ಡ್ಯಾನ್ಸ್. ಅಲ್ಲಿನ ಶಾಲೆ ಮಕ್ಕಳು ಆಡುವುದು ಬೇರೆ. ಮೂರು ನಾಲ್ಕು ಹುಡುಗಿಯರು ಕೆಳಗೆ ನಿಂತು ಒಬ್ಬಳನ್ನು ಎತ್ತುತ್ತಾರೆ, ಗಾಳಿಗೆ ಎಸೆಯುತ್ತಾರೆ, ಅವಳು ಸುತ್ತು ತಿರುಗಿ ಅವರ ಕೈಗೆ ಬೀಳಬೇಕು. ಅಂಕ, ಜಡ್ಜ್, ಟ್ರೋಫಿ ಎಲ್ಲ ಇದೆ. ಸ್ಪರ್ಧಿಗಳಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳೂ ಇದ್ದಾರೆ.

2006ರ ಮಾರ್ಚ್‌ನಲ್ಲಿ ಸೇಂಟ್ ಲೂಯಿಸ್‌ನಲ್ಲಿ ಬಾಸ್ಕೆಟ್‌ಬಾಲ್ ಪಂದ್ಯದ ನಡುವೆ ಒಬ್ಬ ಕಾಲೇಜು ವಿದ್ಯಾರ್ಥಿನಿ ಪಿರಮಿಡ್‌ನಿಂದ ಸುಮಾರು 15 ಅಡಿ ಕೆಳಕ್ಕೆ, ಮರದ ನೆಲದ ಮೇಲೆ ತಲೆಕೆಳಗಾಗಿ ಬಿದ್ದಳು. ಕುತ್ತಿಗೆಯ ಮೂಳೆ ಬಿರುಕು ಬಿಟ್ಟಿತು. ಸ್ಟ್ರೆಚರ್ ಮೇಲೆ ಮಲಗಿಸಿ ಒಯ್ಯುವಾಗಲೂ ಬ್ಯಾಂಡಿನ ಹಾಡಿಗೆ ಕೈ ಆಡಿಸುತ್ತಾ ಹೋದ ದೃಶ್ಯ ಅಮೆರಿಕದ ಮನೆಮನೆ ನೋಡಿತು. ಬದುಕಿದಳು. ಅದೇ ವರ್ಷ ಮ್ಯಾಟ್ ಇಲ್ಲದ ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಎತ್ತರದ ಪಿರಮಿಡ್ ಕಟ್ಟುವುದಕ್ಕೆ, ಮೇಲಕ್ಕೆ ಎಸೆಯುವುದಕ್ಕೆ ನಿರ್ಬಂಧ ಬಂತು.

2012ರಲ್ಲಿ ಅಲ್ಲಿನ ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ತನ್ನ ಶಿಫಾರಸುಗಳನ್ನು ಕೊಟ್ಟಿತು. ಅದರ ಅಂಕಿಗಳು ಎರಡು ಕಡೆಗೂ ಮಾತಾಡುತ್ತವೆ. ಒಟ್ಟು ಗಾಯದ ಪ್ರಮಾಣ ನೋಡಿದರೆ ಚಿಯರ್‌ಲೀಡಿಂಗ್ ಉಳಿದ ಆಟಗಳಿಗಿಂತ ಕಡಿಮೆ ಅಪಾಯದ್ದು. ಆದರೆ ಹಿಂದಿನ 25 ವರ್ಷದಲ್ಲಿ ಹೈಸ್ಕೂಲ್ ಹುಡುಗಿಯರಿಗೆ ಆಟದಲ್ಲಿ ನೇರವಾಗಿ ಆದ ಅತಿ ಗಂಭೀರ ಗಾಯಗಳಲ್ಲಿ, ಅಂದರೆ ತಲೆ, ಬೆನ್ನುಹುರಿಯಂಥವುಗಳಲ್ಲಿ, 65 ಶೇಕಡಾ ಈ ಒಂದೇ ಆಟದ್ದು. ತಲೆಯ ಪೆಟ್ಟುಗಳಲ್ಲಿ 96 ಶೇಕಡಾ ಆದದ್ದು ಎತ್ತುವ, ಎಸೆಯುವ ಪಟ್ಟುಗಳಲ್ಲಿ. ಗಾಯ ಆಗುವುದು ಅಪರೂಪ, ಆದರೆ ಆದಾಗ ಜೀವಕ್ಕೇ ಸಂಚಕಾರ.

ವೈದ್ಯರು ಕೇಳಿದ್ದು ಇಷ್ಟು: ಪಿರಮಿಡ್ ಇಬ್ಬರ ಎತ್ತರ ಮೀರಬಾರದು, ಗಟ್ಟಿ ನೆಲ, ಒದ್ದೆ ನೆಲದ ಮೇಲೆ ಕಟ್ಟಬಾರದು, ತರಬೇತಿ ಆದ ಕೋಚ್ ಇರಬೇಕು, ತಲೆಗೆ ಪೆಟ್ಟು ಬಿದ್ದ ಮಗುವನ್ನು ವೈದ್ಯರು ಒಪ್ಪುವವರೆಗೆ ಮತ್ತೆ ಆಡಿಸಬಾರದು. ನೆಲದ ವಿಷಯ ಅವರು ಸುಮ್ಮನೆ ಹೇಳಿದ್ದಲ್ಲ. ಬೇರೆ ಬೇರೆ ನೆಲಗಳನ್ನು ಪರೀಕ್ಷಿಸಿದ ಸಂಶೋಧಕರಿಗೆ ಹತ್ತು ಅಡಿಯಿಂದ ಬಿದ್ದರೂ ತಲೆ ಉಳಿಯುವಂಥದ್ದು ಸಿಕ್ಕಿದ್ದು ಸ್ಪ್ರಿಂಗ್ ಕೂರಿಸಿದ ನೆಲ ಮತ್ತು 4 ಇಂಚು ದಪ್ಪದ ಮ್ಯಾಟ್ ಮಾತ್ರ. ತೆಳ್ಳಗಿನ ಕಾರ್ಪೆಟ್ ಹಾಸಿದರೆ ನೋಡಲು ಚೆಂದ, ಅಷ್ಟೇ.

ಅದೇ ಹೊತ್ತಿಗೆ ಹೈಸ್ಕೂಲ್ ಮಟ್ಟದಲ್ಲಿ ಗಾಳಿಯಲ್ಲಿ ಎರಡು ಸುತ್ತು ತಿರುಗಿ ಇಳಿಯುವ ಪಟ್ಟನ್ನು ನಿಷೇಧಿಸಿದರು. ಹುಡುಗಿಯರೇ ಸಿಟ್ಟಾದರು. ವರ್ಷಗಟ್ಟಲೆ ಕಲಿತದ್ದನ್ನು ಕಿತ್ತುಕೊಂಡರೆ ಹೇಗೆ, ಅದನ್ನು ಬಲ್ಲವರು ಶಾಲೆ ಬಿಟ್ಟು ಖಾಸಗಿ ಜಿಮ್‌ಗೆ ಹೋಗ್ತಾರಲ್ಲ ಎಂಬುದು ಅವರ ವಾದ. ಗೋವಿಂದಾ ತಂಡಗಳ ವಾದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ.

ಒಂದು ವಿಷಯದಲ್ಲಿ ಮಾತ್ರ ಅವರು ಮುಂದೆ ಹೋಗಿದ್ದಾರೆ. ಖಾಸಗಿ ಜಿಮ್‌ಗಳ ಸ್ಪರ್ಧೆಗೆ 2003ರಲ್ಲಿ ಹುಟ್ಟಿದ ಯುಎಸ್‌ಎಎಸ್‌ಎಫ್ ಎಂಬ ಒಕ್ಕೂಟ ವಯಸ್ಸು ಒಂದನ್ನೇ ನೋಡುವುದಿಲ್ಲ, ಕಲಿಕೆಯ ಹಂತವನ್ನೂ ನೋಡುತ್ತದೆ. ಮೊದಲ ಹಂತದ ತಂಡ ಮೇಲಿನವಳನ್ನು ತಲೆ ಮೇಲಕ್ಕೆ ಕೈ ಚಾಚಿ ಎತ್ತುವಂತೆಯೇ ಇಲ್ಲ. ಅದು ಪಕ್ಕಾ ಆದ ಮೇಲೆ ಮುಂದಿನ ಹಂತ. ಎತ್ತುವಾಗ ಹಿಡಿಯಲೆಂದೇ ಒಬ್ಬರು ನಿಂತಿರಬೇಕಾದ ಪಟ್ಟುಗಳು ಯಾವುವು ಎಂದೂ ಬರೆದಿದೆ. 14 ತುಂಬಿತು, ಹತ್ತು ಎನ್ನುವ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಆದರೆ ಆ ವ್ಯವಸ್ಥೆಯೂ ಕಳಂಕ ಇಲ್ಲದ್ದಲ್ಲ. ಆ ಒಕ್ಕೂಟ ಕಟ್ಟಲು ಹಣ ಹಾಕಿದ್ದು ಸ್ಪರ್ಧೆ ನಡೆಸುವ, ಯೂನಿಫಾರ್ಮ್ ಮಾರುವ ದೊಡ್ಡ ಕಂಪನಿ ವಾರ್ಸಿಟಿ. ಮಾರುಕಟ್ಟೆಯನ್ನೇ ಕೈವಶ ಮಾಡಿಕೊಂಡಿದ್ದಾರೆ ಎಂದು ಜಿಮ್‌ಗಳು, ಪೋಷಕರು ಕೋರ್ಟಿಗೆ ಹೋದರು. ಜಿಮ್‌ಗಳ ಕೇಸಿನಲ್ಲಿ 2023ರಲ್ಲಿ 4.35 ಕೋಟಿ ಡಾಲರ್‌ಗೆ ರಾಜಿಯಾಯಿತು. ಸ್ಪರ್ಧೆಯಿಂದ ಲಾಭ ಮಾಡುವವರ ನೆರಳಲ್ಲೇ ನಿಯಮ ಬರೆಯುವವರು ಕೂತಿದ್ದರು ಎಂಬುದು ಅಲ್ಲಿನ ದೂರು. ಮುಂಬೈ, ಠಾಣೆಯಲ್ಲಿ ಲಕ್ಷಗಟ್ಟಲೆ ಬಹುಮಾನದ ಹಂಡಿ ಕಟ್ಟಿಸುವವರು ಯಾರು ಎಂದು ಪೆಂಡಾಲ್‌ನ ಫ್ಲೆಕ್ಸ್ ನೋಡಿದರೆ ಸಾಕು. ಶಾಸಕರು, ಮಂತ್ರಿಗಳು. ಎತ್ತರದ ಮಿತಿ ತೆಗೆಯಿರಿ ಎಂದು ವಾದಿಸಿದವರಲ್ಲೂ ಅವರೇ ಇದ್ದರು.

ಆಟ ಅಂತ ಕರೆದರೆ ಏನಾಗುತ್ತೆ?

ಇಲ್ಲೊಂದು ಸೋಜಿಗ ಇದೆ. ಚಿಯರ್‌ಲೀಡಿಂಗ್‌ಗೆ ಕ್ರೀಡೆಯ ಸ್ಥಾನ ಕೊಡಿ ಎಂದು ಅಮೆರಿಕದ ವೈದ್ಯರೇ ಕೇಳಿದ್ದರು. ಕ್ರೀಡೆ ಆದರೆ ಕೋಚ್‌ಗೆ ಅರ್ಹತೆ ಬೇಕು, ಮೈದಾನದಲ್ಲಿ ವೈದ್ಯಕೀಯ ಸಿಬ್ಬಂದಿ ಬೇಕು, ಗಾಯದ ಲೆಕ್ಕ ಇಡಬೇಕು ಎಂಬ ಆಸೆಯಿಂದ. ಕ್ಯಾಲಿಫೋರ್ನಿಯಾ 2015ರಲ್ಲಿ ಅದಕ್ಕೆ ಕಾನೂನನ್ನೇ ತಂದಿತು.

ಮಹಾರಾಷ್ಟ್ರದಲ್ಲೂ 2022ರ ಆಗಸ್ಟ್‌ನಲ್ಲಿ ಆಗಿನ ಮುಖ್ಯಮಂತ್ರಿ ಏಕನಾಥ್ ಶಿಂದೆ ದಹಿ ಹಂಡಿಗೆ ಕ್ರೀಡೆಯ ಸ್ಥಾನ ಘೋಷಿಸಿದರು. ಬಂದದ್ದು ಏನು? ಸರ್ಕಾರಿ ನೌಕರಿಯ ಕ್ರೀಡಾ ಕೋಟಾದಲ್ಲಿ ಗೋವಿಂದಾಗಳಿಗೂ ಜಾಗ, ಸತ್ತರೆ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ, ಮರುವರ್ಷ ಪ್ರೊ ಗೋವಿಂದಾ ಎಂಬ ಲೀಗ್. ವಿಮೆ ಒಳ್ಳೆಯದೇ. ತಲಾ 75 ರೂಪಾಯಿ ಪ್ರೀಮಿಯಂನಲ್ಲಿ ಸಾವಿರಾರು ಹುಡುಗರಿಗೆ ಸರ್ಕಾರವೇ ವಿಮೆ ಮಾಡಿಸಿತು. ಆದರೆ ವಿಮೆ ಬಿದ್ದ ಮೇಲಿನ ಮಾತು. ಬೀಳುವ ಮೊದಲಿನ ಮಾತು, ಅಂದರೆ ಅಭ್ಯಾಸದಲ್ಲಿ ಮ್ಯಾಟ್ ಇದೆಯೇ, ಕಲಿಸುವವನು ಎಲ್ಲಿ ಕಲಿತ, ಕಳೆದ ವಾರ ಬಿದ್ದವನು ಈ ವಾರ ಯಾಕೆ ಹತ್ತಿದ, ಇವುಗಳ ಬೆನ್ನು ಹತ್ತಿದವರು ಕಡಿಮೆ. ಕೆಲವು ದೊಡ್ಡ ಸ್ಪರ್ಧೆಗಳಲ್ಲಿ ತುದಿಯ ಹುಡುಗನಿಗೆ ಬೆಲ್ಟ್ ಕಟ್ಟಿ ಮೇಲಿನಿಂದ ಕ್ರೇನ್ ಹಗ್ಗ ಬಿಡುತ್ತಾರೆ. ಅವನು ಜಾರಿದರೆ ಗಾಳಿಯಲ್ಲಿ ತೂಗುತ್ತಾನೆ, ಜನ ನಗುತ್ತಾರೆ, ಮನೆಗೆ ಹೋಗುತ್ತಾನೆ. ಅಭ್ಯಾಸದ ಅಂಗಳಕ್ಕೆ ಕ್ರೇನ್ ತರುವವರು ಯಾರು?

ಸ್ಪೇನಿನ ಕ್ಯಾಟಲೋನಿಯಾದಲ್ಲೂ ಇಂಥದ್ದೇ ಮಾನವ ಗೋಪುರದ ಹಬ್ಬ ಇದೆ, ಯುನೆಸ್ಕೊ ಪಟ್ಟಿಗೂ ಸೇರಿದೆ. ತುದಿ ಹತ್ತುವವರು ಅಲ್ಲೂ ಮಕ್ಕಳೇ. 2006ರಲ್ಲಿ ಮತಾರೊ ಊರಿನಲ್ಲಿ ಒಬ್ಬ ಬಾಲಕಿ ಬಿದ್ದು ಸತ್ತ ಮೇಲೆ ಅಲ್ಲಿಯವರು ಮಕ್ಕಳಿಗೆಂದೇ ಹಗುರ ಹೆಲ್ಮೆಟ್ ಬಳಕೆಗೆ ತಂದರು. ಮಕ್ಕಳು ಹತ್ತುವುದು ನಿಂತಿಲ್ಲ, ಬರಿ ತಲೆಯಲ್ಲಿ ಹತ್ತುವುದು ನಿಂತಿದೆ.

ಕರ್ನಾಟಕದಲ್ಲಿ ಆಯೋಜಕರ ಮೇಲೆ ಏನು ಹೊಣೆ?

ಮೇಲೆ ಹೇಳಿದ ಆದೇಶಗಳು ಮಹಾರಾಷ್ಟ್ರ ಸರ್ಕಾರಕ್ಕೆ ಕೊಟ್ಟದ್ದು. ಅದು ಅವರಿಗೆ, ನಮಗಲ್ಲ ಎಂದು ಇಲ್ಲಿನ ಸಮಿತಿಯವರು ನಿರಾಳವಾಗಿ ಕೂರುವ ಹಾಗಿಲ್ಲ. ಮಕ್ಕಳ ಕಾನೂನು ಇಡೀ ದೇಶಕ್ಕೆ ಒಂದೇ. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮಿನ ಪ್ರಕಾರ, ತನ್ನ ಸುಪರ್ದಿಯಲ್ಲಿರುವ ಮಗುವನ್ನು ಅನಗತ್ಯ ನೋವಿಗೆ ಒಡ್ಡಿದವರಿಗೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಆ ಕಾಯ್ದೆಯಲ್ಲಿ ಮಗು ಅಂದರೆ 18 ತುಂಬದವರು. ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು, 5 ವರ್ಷದವರೆಗೆ ಶಿಕ್ಷೆ. ಸಾವಾಗದೆ ಗಂಭೀರ ಗಾಯವಾದರೆ 125ನೇ ಕಲಮು. ಅಪ್ಪ ಅಮ್ಮ ಒಪ್ಪಿದ್ದರು ಎಂಬ ಒಂದು ಮಾತಿನಿಂದ ಇವೆಲ್ಲ ಮಾಯವಾಗುವುದಿಲ್ಲ.

ಮಡಿಕೆ ಒಡೆಯಲು ಪಿರಮಿಡ್ ಕಟ್ಟಲೇಬೇಕು ಎಂಬ ಸಂಪ್ರದಾಯವೂ ಎಲ್ಲ ಕಡೆ ಇಲ್ಲ. ಉಡುಪಿಯ ರಥಬೀದಿಯಲ್ಲಿ ವಿಟ್ಲಪಿಂಡಿಯ ದಿನ ಮರದ ಗುರ್ಜಿಗಳಿಗೆ ಮಣ್ಣಿನ ಕುಡಿಕೆ ಕಟ್ಟುತ್ತಾರೆ, ಗೊಲ್ಲ ವೇಷದವರು ನೆಲದ ಮೇಲೆ ನಿಂತೇ ಕೋಲಿನಿಂದ ಒಡೆಯುತ್ತಾ ಹೋಗುತ್ತಾರೆ. ಜನ ಸೇರುವುದಕ್ಕೇನೂ ಕಡಿಮೆ ಇಲ್ಲ. ಎತ್ತರದ ಪೈಪೋಟಿ, ಥರಕ್ಕಿಷ್ಟು ಎಂಬ ಬಹುಮಾನ ಬಂದಲ್ಲಿ ಆಟದ ರೂಪ ಬದಲಾಗುತ್ತದೆ.

ಅಲ್ಲಿಗೆ ಮಾತು ಮತ್ತೆ ರಸೀದಿ ಪುಸ್ತಕಕ್ಕೇ ಬರುತ್ತದೆ. ಬಹುಮಾನದ ಮೊತ್ತ ಎಷ್ಟು ಎಂದು ಫ್ಲೆಕ್ಸ್‌ನಲ್ಲಿ ದಪ್ಪ ಅಕ್ಷರದಲ್ಲಿ ಇರುತ್ತದೆ. ಮ್ಯಾಟ್, ಹೆಲ್ಮೆಟ್, ಆಂಬುಲೆನ್ಸ್‌ಗೆ ಎಷ್ಟು ಇಟ್ಟಿದ್ದಾರೆ ಎಂಬುದು ಎಲ್ಲೂ ಇರುವುದಿಲ್ಲ. ಚಂದಾ ಕೊಡುವವರು ಅದನ್ನು ಕೇಳಬಹುದು. ಮಡಿಕೆಯ ಎತ್ತರ ಎಷ್ಟು, ತುದಿಗೆ ಹತ್ತುವ ಹುಡುಗನ ಆಧಾರ್ ನೋಡಿದ್ದೀರಾ, ಅಭ್ಯಾಸ ಎಲ್ಲಿ, ನೆಲದ ಮೇಲೆ ಏನು ಹಾಸಿದ್ದೀರಿ? ಉತ್ತರ ಸರಿ ಅನಿಸಿದರೆ ಐನೂರರ ಜಾಗದಲ್ಲಿ ಸಾವಿರ ಬರೆಸಿ, ಜಾಸ್ತಿ ಐನೂರು ಮ್ಯಾಟ್ ಬಾಡಿಗೆಗೆ ಎಂದು ರಸೀದಿಯ ಹಿಂದೆ ಬರೆಸಿಕೊಳ್ಳಬಹುದು.